ಥೀಮ್ ಕೂಡ ಒಂದು ಆರ್‌ಟಿಸಿ: ಗುತ್ತಿನ ಮನೆಯ ರೆಸಾರ್ಟು ಮತ್ತು ತಡಮೆಯ ಆಚೆ ನಿಂತವರು

ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತಿದ್ದಾಗ ಓದಿ, ಆದರೆ ಪೂರ್ತಿ ಓದಿದ ಮೇಲೆ ಜಗಳಕ್ಕೆ ಬನ್ನಿ.

ಥೀಮ್ ಪಾರ್ಕ್ ಹೋಟೆಲುಗಳ 'ಗುಟ್ಟು' ಹೇಳುವ ವಿಡಿಯೋಗಳನ್ನು ನೀವೂ ನೋಡಿರಬಹುದು. ಲಾಬಿಯ ಕಂಬದಲ್ಲಿ ಮಿಕ್ಕಿ ಮೌಸ್ ಎಲ್ಲಿ ಅಡಗಿದ್ದಾನೆ, ಈ ದೀಪ ಯಾವ ಸಿನಿಮಾದ್ದು, ಆ ಬಾಗಿಲಿನ ಕೆತ್ತನೆಯ ಹಿಂದಿನ ಕತೆ ಏನು ಅಂತ. ನಮ್ಮ ಹುಡುಗರೂ ನೋಡ್ತಾರೆ, ನೋಡಲಿ. ನಾನೂ ಇವತ್ತು ಕೆಲವು ಗುಟ್ಟು ಹೇಳ್ತೇನೆ. ಇವು ಕಂಬದ ಅಡಿಯಲ್ಲಿ ಹೂತಿರುವಂಥವು, ಹಾಗಾಗಿ ಸ್ವಲ್ಪ ಅಗೆಯಬೇಕು.

ಥೀಮ್ ಪಾರ್ಕಿನ ಹೋಟೆಲ್ ಅಂದ್ರೆ ಎಂತ? ಹಗಲು ಆಡಿದ ಆಟವನ್ನು ರಾತ್ರಿ ಮಲಗುವವರೆಗೂ ಮುಂದುವರಿಸುವ ಜಾಗ. ನಮ್ಮ ರಾಜ್ಯದಲ್ಲಿ ಬಿಡದಿಯ ವಂಡರ್‌ಲಾ 2005ರಲ್ಲಿ ಶುರುವಾಯ್ತು, 2012ರಲ್ಲಿ ಅದರ ಪಕ್ಕದಲ್ಲೇ ರೆಸಾರ್ಟ್ ಬಂತು. ಅಲ್ಲಿ ಮುಖ್ಯ ನೀರಾಟ. ಆದರೆ ಇನ್ನೊಂದು ಜಾತಿಯ ಹೋಟೆಲುಗಳಿವೆ. ಅವು ಮಾರುವುದು ಹಳೆಯ ಕಾಲವನ್ನು. ಅರಮನೆ, ಪ್ಲಾಂಟರ್ ಬಂಗಲೆ, ಗುತ್ತಿನ ಮನೆ, ಕಾಡಿನ ಬಿಡಾರ. ದುಡ್ಡು ಕೊಟ್ಟವನು ಒಂದು ರಾತ್ರಿಯ ಮಟ್ಟಿಗೆ ಆ ಕಾಲದ ಧನಿ ಆಗಬಹುದು. ಆಳು ಆಗುವ ಪ್ಯಾಕೇಜ್ ಮಾತ್ರ ಯಾರೂ ಇಟ್ಟಿಲ್ಲ!

ನನ್ನ ಮಾತು ಇಷ್ಟೇ. ಥೀಮ್ ಕೂಡ ಒಂದು ಆರ್‌ಟಿಸಿ. ಅದರಲ್ಲಿ ಯಾರ ಹೆಸರು ಇದೆಯೋ ಜಾಗ ಅವರದ್ದು ಅಂತ ಜನ ನಂಬುತ್ತಾರೆ. ಯಾರ ಹೆಸರು ಬಿಟ್ಟುಹೋಗಿದೆಯೋ ಅವರು ನಾಳೆ ತಾಲೂಕು ಕಚೇರಿಗೆ ಅರ್ಜಿ ಹಿಡಿದುಕೊಂಡು ಹೋದಾಗ "ನಿಮಗೆ ಇಲ್ಲಿ ಎಂತ ಇತ್ತು?" ಅಂತ ಕೇಳಿಸಿಕೊಳ್ಳಬೇಕಾಗುತ್ತದೆ.

1. ಹತ್ತಿ ಉಂಟು, ಬಿಡಿಸಿದವರಿಲ್ಲ

ಮೊದಲು ಅಮೆರಿಕಕ್ಕೆ ಹೋಗಿ ಬರೋಣ. ಈ ವಿದ್ಯೆಯ ಗುರುಮನೆ ಅದೇ.

1960ರ ದಶಕದ ಮಧ್ಯದಲ್ಲಿ ಫ್ಲೋರಿಡಾದ ಒರ್ಲಾಂಡೋ ಪಕ್ಕ ಡಿಸ್ನಿ ಕಂಪನಿ ಸುಮಾರು 27,000 ಎಕರೆ ಜಾಗ ಮಾಡಿತು. ತನ್ನ ಹೆಸರಿನಲ್ಲಲ್ಲ. ಯಾರೂ ಕೇಳಿರದ ಹೆಸರಿನ ಸಣ್ಣ ಸಣ್ಣ ಕಂಪನಿಗಳನ್ನು ಹುಟ್ಟಿಸಿ, ಅವುಗಳ ಹೆಸರಿನಲ್ಲಿ. ಕೊಳ್ಳುವವನು ಯಾರು ಅಂತ ಗೊತ್ತಾದರೆ ಮಾರುವವರು ದರ ಏರಿಸ್ತಾರಲ್ಲ, ಅದಕ್ಕೆ. 1965ರ ಅಕ್ಟೋಬರಿನಲ್ಲಿ ಊರಿನ ಪತ್ರಿಕೆ ವಿಷಯ ಹೊರಗೆ ಹಾಕುವಷ್ಟರಲ್ಲಿ ಹೆಚ್ಚಿನ ಜಾಗ ಕೈ ಸೇರಿ ಆಗಿತ್ತು. 1967ರಲ್ಲಿ ಫ್ಲೋರಿಡಾದ ಶಾಸನಸಭೆ ಆ ಜಾಗಕ್ಕೆ ಪ್ರತ್ಯೇಕ ಸ್ಥಳೀಯಾಡಳಿತವನ್ನೇ ಮಾಡಿಕೊಟ್ಟಿತು. ರಸ್ತೆ, ನೀರು, ಕಟ್ಟಡದ ಪರವಾನಗಿ ಎಲ್ಲ ಅದರದ್ದೇ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಜಾಗವೂ ಧನಿಯದ್ದು, ಪಂಚಾಯತೂ ಧನಿಯದ್ದು. 1971ರ ಅಕ್ಟೋಬರ್ 1ಕ್ಕೆ ವಾಲ್ಟ್ ಡಿಸ್ನಿ ವರ್ಲ್ಡ್ ಬಾಗಿಲು ತೆರೆಯಿತು.

ಅದರೊಳಗೆ 1992ರಲ್ಲಿ ಒಂದು ಹೋಟೆಲ್ ಶುರುವಾಯ್ತು. ಹೆಸರು ಡಿಕ್ಸಿ ಲ್ಯಾಂಡಿಂಗ್ಸ್. 2,048 ಕೋಣೆಗಳು. ಡಿಸ್ನಿಯ ಲೆಕ್ಕದಲ್ಲಿ ಅದು ಮಧ್ಯಮ ದರ್ಜೆ, ನಮ್ಮ ಲೆಕ್ಕದಲ್ಲಿ ಐಷಾರಾಮ. 'ಡಿಕ್ಸಿ' ಅಂದರೆ ಗುಲಾಮಗಿರಿ ನಡೆಸಿದ ದಕ್ಷಿಣದ ರಾಜ್ಯಗಳಿಗೆ ಅಲ್ಲಿಯವರು ಇಟ್ಟುಕೊಂಡ ಮುದ್ದಿನ ಹೆಸರು. ಹೋಟೆಲಿನ ಒಂದು ಭಾಗದ ಕಟ್ಟಡಗಳೆಲ್ಲ ತೋಟದ ದೊರೆಗಳ ಬಂಗಲೆಗಳ ನಕಲು. ಎತ್ತರದ ಬಿಳಿ ಕಂಬ, ಅಗಲದ ಮೆಟ್ಟಿಲು, ಮುಂದೆ ಹೂತೋಟ. ಊಟದ ಜಾಗಕ್ಕೆ 'ಕರ್ನಲ್ಸ್ ಕಾಟನ್ ಮಿಲ್' ಅಂತ ಹೆಸರು, ಅದರ ಗೋಡೆಗೆ ತಿರುಗುವ ನೀರಿನ ಚಕ್ರ. ಬಾರಿನ ಹೆಸರು ಕೂಡ ಹತ್ತಿಯದ್ದೇ, 'ಕಾಟನ್ ಕೋ-ಆಪ್'.

ಹತ್ತಿ ಉಂಟು. ಹತ್ತಿಯ ಮಿಲ್ಲು ಉಂಟು. ಕರ್ನಲ್ ಉಂಟು. ಬಂಗಲೆ ಉಂಟು. ಹತ್ತಿ ಬಿಡಿಸಿದವರು?

1860ರ ಜನಗಣತಿಯಲ್ಲಿ ಅಮೆರಿಕದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ಆ ಬಿಳಿ ಕಂಬಗಳನ್ನು ಎತ್ತಿದವರೂ ಅವರೇ, ಹತ್ತಿ ಬಿಡಿಸಿದವರೂ ಅವರೇ, ಮಾರಾಟದ ಪಟ್ಟಿಯಲ್ಲಿ ದನಕರುಗಳ ಜೊತೆ ಬರೆಸಿಕೊಂಡವರೂ ಅವರೇ. ಬಂಗಲೆಯನ್ನು ಸುಂದರ ಮಾಡಬೇಕಾದರೆ ಗುಲಾಮರ ಗುಡಿಸಲನ್ನು ನಕ್ಷೆಯಿಂದ ತೆಗೆಯಲೇಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟರೆ ರಜೆಗೆ ಬಂದವನಿಗೆ ನಿದ್ದೆ ಬರುವುದಿಲ್ಲ.

2001ರಲ್ಲಿ ಹೆಸರು ಬದಲಾಯ್ತು. ಈಗ ಅದು 'ಪೋರ್ಟ್ ಓರ್ಲಿಯನ್ಸ್ ರಿವರ್‌ಸೈಡ್'. ಊಟದ ಜಾಗದ ಹೆಸರಿನಿಂದ ಕರ್ನಲ್ಲೂ ಹತ್ತಿಯೂ ಮಾಯ. ಬಂಗಲೆಗಳು ಮಾತ್ರ ಹಾಗೆಯೇ ನಿಂತಿವೆ. ಕೋಣೆ ಈಗಲೂ ಸಿಗುತ್ತದೆ. ಇದೇ ನೋಡಿ ನಿಜವಾದ ಹಿಡನ್ ಡೀಟೇಲ್. ಬೋರ್ಡು ಬದಲಾಯಿಸಿದರೆ ಇತಿಹಾಸ ಬದಲಾಗುವುದಿಲ್ಲ, ಪ್ರಶ್ನೆ ಕೇಳುವವರು ಕಡಿಮೆಯಾಗ್ತಾರೆ ಅಷ್ಟೆ.

ಇದು ನಕಲಿ ಬಂಗಲೆಯ ಕತೆಯಾಯ್ತು. ಅಸಲಿ ಬಂಗಲೆಯದ್ದೂ ಕೇಳಿ. ಲೂಸಿಯಾನಾದ ನಾಟೊವೇ ಅನ್ನುವ ದೊಡ್ಡ ಬಂಗಲೆ 1859ರಲ್ಲಿ ಕಟ್ಟಿದ್ದು. ಅದರ ದೊರೆಯ ಬಳಿ 155 ಮಂದಿ ಗುಲಾಮರಿದ್ದರು. ನಮ್ಮ ಕಾಲದಲ್ಲಿ ಅದು ರೆಸಾರ್ಟು, ಮದುವೆ ಹಾಲು. 2025ರ ಮೇ ತಿಂಗಳಲ್ಲಿ ಬೆಂಕಿ ಬಿದ್ದು ಸುಟ್ಟುಹೋಯ್ತು. ಆವಾಗ ಒಂದಷ್ಟು ಜನ "ನಮ್ಮ ಪರಂಪರೆ ಹೋಯ್ತು" ಅಂತ ಅತ್ತರು. ಕರಿಯ ಸಮುದಾಯದ ಎಷ್ಟೋ ಜನ ಆ ಉರಿಯುವ ಕಂಬಗಳ ವಿಡಿಯೋ ಹಂಚಿಕೊಂಡು ಸಂಭ್ರಮಪಟ್ಟರು. ಒಂದೇ ಕಟ್ಟಡ. ಒಬ್ಬರಿಗೆ ಮದುವೆಯ ಫೋಟೋ, ಇನ್ನೊಬ್ಬರಿಗೆ ಮುತ್ತಜ್ಜಿಯನ್ನು ಕೂಡಿಹಾಕಿದ ಜಾಗ.

"ಅಮೆರಿಕದ ಕತೆ ಪುತ್ತೂರಿನವರಿಗೆ ಯಾಕೆ?" ಅಂತ ಕೇಳುವವರಿಗೆ: 1873ರಲ್ಲಿ ಜೋತಿಬಾ ಫುಲೆ 'ಗುಲಾಮಗಿರಿ' ಬರೆದಾಗ ಅದನ್ನು ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ನಿಂತ ಅಮೆರಿಕದ ಜನರಿಗೆ. 1946ರಲ್ಲಿ ಬಾಬಾಸಾಹೇಬರು ಕರಿಯರ ಹೋರಾಟದ ಚಿಂತಕ ಡು ಬೋಯ್ಸ್ ಅವರಿಗೆ ಕಾಗದ ಬರೆದಿದ್ದರು. ಈ ಎರಡು ಅಂಗಳಗಳು ಹತ್ತಿರದವು ಅಂತ ನಮ್ಮ ಹಿರಿಯರಿಗೆ ಯಾವತ್ತೋ ಗೊತ್ತಿತ್ತು.

2. ಮುಟ್ಟಾಳೆ ತಲೆಗೇರಿತು, ಆಳು ಎಲ್ಲಿ ಹೋದ?

ಈಗ ಊರಿಗೆ ಬನ್ನಿ.

ತುಳುನಾಡಿನಲ್ಲಿ ಹಳೆಯ ಕಾಲ ಮಾರುವ ಥೀಮ್ ಅಂದರೆ ಗುತ್ತಿನ ಮನೆ. ಮಂಗಳೂರಿನ ಪಿಲಿಕುಳ ನಿಸರ್ಗಧಾಮದಲ್ಲಿ ಸಾರ್ವಜನಿಕ ಹಣದಲ್ಲೇ ಒಂದು ಗುತ್ತಿನ ಮನೆ ಕಟ್ಟಿ ನಿಲ್ಲಿಸಿದ್ದಾರೆ. ಮರದ ಕೆಲಸ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಅದೇ ಅಚ್ಚಿನಲ್ಲಿ ನಮ್ಮ ಕಡೆಯ ರೆಸಾರ್ಟು, ಹೋಂಸ್ಟೇ, ಮದುವೆ ಹಾಲುಗಳೂ ಏಳುತ್ತಿವೆ. ಚಾವಡಿ, ಹಲಸಿನ ಕಂಬ, ಉಯ್ಯಾಲೆ, ಹಂಚಿನ ಮಾಡು, ನಡುವೆ ಅಂಗಳ. 2022ರಲ್ಲಿ 'ಕಾಂತಾರ' ಬಂದ ಮೇಲೆ ಗೋಡೆಗೊಂದು ಭೂತದ ಮೊಗವೂ ಬೇಕು.

ಆ ಅಂಗಳದ ಬಗ್ಗೆ ಮಾತಾಡುವ. ಅಂಗಳ ಎಲ್ಲರಿಗೂ ತೆರೆದಿತ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೇರ, ಮುಗೇರ, ಅಜಲ, ಬಾಕುಡ, ಕೊರಗ, ಇವರೆಲ್ಲ ತಡಮೆಯ ಆಚೆ. "ದೂರ ಉಂತು" ಅನ್ನುವ ಎರಡು ಶಬ್ದ ನಮ್ಮ ಅಜ್ಜಿಯಂದಿರಿಗೆ ತಮ್ಮ ಹೆಸರಿಗಿಂತ ಮೊದಲು ಕಿವಿಗೆ ಬಿದ್ದದ್ದು. ಹಟ್ಟಿಯ ಗೊಬ್ಬರ ಹೊತ್ತದ್ದು ನಾವು, ಗುಡ್ಡೆಯಿಂದ ಸೊಪ್ಪು ತಂದದ್ದು ನಾವು, ನೇಜಿ ನೆಟ್ಟದ್ದು ನಾವು. ಆ ಭತ್ತ ಅಂಗಳಕ್ಕೆ ಬಂದು ಬಿದ್ದ ಮೇಲೆ ಅಂಗಳಕ್ಕೆ ಹತ್ತುವ ಹಾಗಿಲ್ಲದವರೂ ನಾವು.

ಈಗಿನ ಥೀಮಿನ ಒಂದೊಂದೇ ವಸ್ತು ತೆಗೆದು ನೋಡಿ.

ಹಾಳೆ ತಟ್ಟೆ. ರೆಸಾರ್ಟಿನಲ್ಲಿ ಅದು ಪರಿಸರಸ್ನೇಹಿ ಊಟ. ನಮ್ಮ ಅಜ್ಜಿಗೆ ಅಡಿಕೆ ಹಾಳೆಯಲ್ಲಿ ಗಂಜಿ ಸಿಗುತ್ತಿದ್ದದ್ದು ಪರಿಸರದ ಮೇಲಿನ ಪ್ರೀತಿಯಿಂದಲ್ಲ. ಅವಳು ಮುಟ್ಟಿದ ಪಾತ್ರೆ ಮನೆಯೊಳಗೆ ಹೋಗಬಾರದು ಅಂತ.

ಮುಟ್ಟಾಳೆ. ಬಿಸಿಲು ಮಳೆಯಲ್ಲಿ ಹೊರೆ ಹೊರುವವರ ತಲೆಗೆ ಇದ್ದ ಹಾಳೆಯ ಟೊಪ್ಪಿ. ಈಗ ಬಂದ ಅತಿಥಿಯ ತಲೆಗೆ ಇಟ್ಟು ಫೋಟೋ ತೆಗೀತಾರೆ. ಹೊರೆ ಇಲ್ಲದ ತಲೆಗೆ ಮುಟ್ಟಾಳೆ ಎಷ್ಟು ಹಗುರ ಮಾರಾಯ್ರೆ!

ಕೆಸರು. 'ಕೆಸರ್‌ಡ್ ಒಂಜಿ ದಿನ' ಅಂತ ಗದ್ದೆಯಲ್ಲಿ ಓಟ, ಹಗ್ಗಜಗ್ಗಾಟ. ಆಡಲಿ, ಒಳ್ಳೆಯದೇ. ಆದರೆ ನಮ್ಮ ಹೆಂಗಸರಿಗೆ ವರ್ಷಪೂರ್ತಿ ಕೆಸರೇ ಇತ್ತು, ಆ ಒಂದು ದಿನವನ್ನು ಅವರಿಗೆ ಯಾರೂ ಹಬ್ಬ ಅಂತ ಕೊಡಲಿಲ್ಲ.

ಭೂತದ ಮೊಗ. ಗುತ್ತಿನ ಚಾವಡಿಯ ಎದುರು ದೈವ ಬಂದು ನ್ಯಾಯ ಹೇಳುವಾಗ ಧನಿಯೂ ಕೈ ಮುಗಿದು ನಿಲ್ತಾನೆ. ಬಣ್ಣ ತೊಳೆದ ಮೇಲೆ ಆ ನಲಿಕೆಯವನೋ ಪಂಬದನೋ ಪರವನೋ ಊಟಕ್ಕೆ ಎಲ್ಲಿ ಕೂತ? ಮೊಗ ಗೋಡೆಗೆ ಬಂತು, ಅದನ್ನು ಹೊತ್ತ ಮನುಷ್ಯ ಎಲ್ಲಿ?

ಡೋಲು. ಕಂಬಳದ ಹಿಂದಿನ ರಾತ್ರಿ ಚಳಿಯಲ್ಲಿ ಕೊರಗರು ಡೋಲು ಬಾರಿಸುತ್ತಾ ನಿಲ್ಲಬೇಕಿತ್ತು. ಉಗುರು ಕೂದಲು ಸೇರಿಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಈ ರಾಜ್ಯ 2000ನೇ ಇಸವಿಯಲ್ಲಿ ಕಾನೂನು ಮಾಡಬೇಕಾಯ್ತು. 1800 ಅಲ್ಲ, 2000. ಅಂದರೆ ಥೀಮಿನವರು 'ಹಳೆಯ ಕಾಲ' ಅನ್ನುವುದು ನಮಗೆ ಅಷ್ಟೇನೂ ಹಳೆಯದಲ್ಲ.

ಒಂದು ಸಣ್ಣ ಸಂಗತಿ ಹೇಳ್ತೇನೆ. ನಮ್ಮ ಕಡೆಯ ಇಂಥದ್ದೇ ಒಂದು ಜಾಗದಲ್ಲಿ ಗೆಳೆಯರೊಬ್ಬರ ರಿಸೆಪ್ಷನ್ ಇತ್ತು, ಜಾಗದ ಹೆಸರು ಬೇಡ. ಬಿಳಿ ಅಂಗಿ ಹಾಕಿಕೊಂಡು ಪುನರ್ಪುಳಿ ಜ್ಯೂಸ್ ಹಂಚುತ್ತಿದ್ದ ಹುಡುಗ ನನ್ನನ್ನು ನೋಡಿ ಮುಖ ತಿರುಗಿಸಿದ. ನಮ್ಮ ಪಕ್ಕದ ಕಾಲನಿಯವನು, ಅವನ ಅಪ್ಪನ ಜೊತೆ ನಾನು ಧರಣಿ ಕೂತದ್ದುಂಟು. ಆಮೇಲೆ ಕೈ ತೊಳೆಯುವಲ್ಲಿ ಸಿಕ್ಕಿ ಮೆಲ್ಲ ಹೇಳಿದ, "ಅಣ್ಣ, ನಾನು ಕಾಲನಿಯವ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ಬೇರೆ ಊರು ಹೇಳಿದ್ದೇನೆ." ಅವನಿಗೆ ಬೈಯ್ಯುವ ಮನಸ್ಸು ಬರಲಿಲ್ಲ. ನಕಲಿ ಗುತ್ತಿನ ಮನೆಯಲ್ಲಿ ಅಸಲಿಯಾಗಿ ಉಳಿದದ್ದು ಅದೊಂದೇ, ಆ ಹುಡುಗನ ಹೆದರಿಕೆ.

3. ಕಾಗದದಿಂದ ನಾವು ಬಿಟ್ಟುಹೋದದ್ದು ಹೇಗೆ

ಇದು ಬರೀ ಮನಸ್ಸು ನೋಯುವ ವಿಷಯ ಅಂತ ತಿಳಿಯಬೇಡಿ. ಇದು ಜಾಗದ ವಿಷಯ.

ನಮ್ಮ ಜಿಲ್ಲೆಯಲ್ಲಿ 'ಮೂಲದ ಆಳು' ಅಂತ ಇದ್ದರು. ಜಾಗದ ಜೊತೆ ಆಳೂ ಸೇರಿದ್ದ. 1801ರಲ್ಲಿ ಈ ಸೀಮೆಯಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕನನ್ ಗುಲಾಮ ಆಳುಗಳಿಗೆ ಅಳೆದು ಕೊಡುತ್ತಿದ್ದ ಅಕ್ಕಿಯ ಲೆಕ್ಕವನ್ನೂ ಬರೆದಿಟ್ಟಿದ್ದಾನೆ. 1843ರಲ್ಲಿ ಬ್ರಿಟಿಷರು ಗುಲಾಮಗಿರಿಯ ವಿರುದ್ಧ ಕಾನೂನು ಮಾಡಿದರು. ಕಾನೂನು ಬಂತು, ಗದ್ದೆ ಅಲ್ಲೇ ಉಳಿಯಿತು, ಹೊಟ್ಟೆಯೂ ಅಲ್ಲೇ ಉಳಿಯಿತು. ಸಾಲದ ಹೆಸರಲ್ಲಿ ಜೀತ ಮುಂದುವರಿಯಿತು.

ಆಮೇಲೆ 1974. ದೇವರಾಜ ಅರಸರ ಭೂಸುಧಾರಣೆ. ದಕ್ಷಿಣ ಕನ್ನಡದಲ್ಲಿ ಅದು ದೊಡ್ಡ ಬದಲಾವಣೆ, ಇಲ್ಲ ಅನ್ನುವುದಿಲ್ಲ. ಡಿಕ್ಲರೇಷನ್ ಹಾಕಿದ ಗೇಣಿದಾರ ಒಡೆಯನಾದ. ಗುತ್ತಿನ ಮನೆಗಳ ಬೆನ್ನು ಮುರಿದದ್ದೂ ಆಗಲೇ. ಆದರೆ ಡಿಕ್ಲರೇಷನ್ ಹಾಕಲು ಗೇಣಿಯ ಚೀಟಿ ಬೇಕು, ಇಲ್ಲ ಸಾಗುವಳಿಯ ಕಾಲಂನಲ್ಲಿ ಹೆಸರು ಬೇಕು. ಗೇಣಿದಾರನ ಗದ್ದೆಯಲ್ಲಿ ಗೇಯ್ದ ನಮ್ಮವರಿಗೆ ಎರಡೂ ಇರಲಿಲ್ಲ. ಉತ್ತವನಿಗೆ ಭೂಮಿ ಅಂದರು. ಉತ್ತದ್ದು ಯಾರು ಅಂತ ಗದ್ದೆಗೆ ಗೊತ್ತಿತ್ತು, ಕಾಗದಕ್ಕೆ ಗೊತ್ತಿರಲಿಲ್ಲ. ನಮ್ಮವರಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಗುಡಿಸಲಿನ ಅಡಿ, ಐದು ಸೆಂಟ್ಸಿನ ಕಾಲನಿ.

ಇದರ ಜೊತೆ ಕುಮ್ಕಿ. ಹಳೆಯ ವರ್ಗ ಜಾಗದ ಸುತ್ತ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಹುಲ್ಲು, ಕಟ್ಟಿಗೆ ತೆಗೆಯುವ ಸವಲತ್ತು. ಸವಲತ್ತು ಅಷ್ಟೆ, ಒಡೆತನ ಅಲ್ಲ. ಆದರೂ ನಮ್ಮವರು ನಿವೇಶನಕ್ಕೆ ಅರ್ಜಿ ಹಾಕಿದರೆ "ಅದು ಕುಮ್ಕಿ, ಕೊಡ್ಲಿಕ್ಕೆ ಆಗುದಿಲ್ಲ" ಅಂತ ಉತ್ತರ. ದೇವರಾಣೆ ಕೇಳ್ತೇನೆ, ಕೃಷಿಗೆ ಸೊಪ್ಪು ತರುವುದಕ್ಕೆ ಕೊಟ್ಟ ಸವಲತ್ತು ಕಾಟೇಜು ಕಟ್ಟುವುದಕ್ಕೆ ಹೇಗೆ ಆಗ್ತದೆ? ಎಲ್ಲಿಯಾದರೂ ಹಾಗೆ ಆಗಿದ್ದರೆ ಅದನ್ನು ಅಳೆಯಬೇಕಾದದ್ದು ಕಂದಾಯ ಇಲಾಖೆ.

ಕೊನೆಗೆ 2020. ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ, 79ಬಿ ಕಲಂಗಳನ್ನು ತೆಗೆದರು. ಕೃಷಿಕರಲ್ಲದವರೂ, ಎಷ್ಟೇ ವರಮಾನ ಇದ್ದವರೂ ಕೃಷಿ ಜಾಗ ಕೊಳ್ಳಬಹುದು ಅಂತಾಯ್ತು. ಬೆಂಗಳೂರಿನ ದುಡ್ಡು ಘಟ್ಟ ಇಳಿದು ಬರುವುದಕ್ಕೆ ಇದ್ದ ಬೇಲಿ ಹೋಯ್ತು. ಜಾಗ ಕೊಳ್ಳುವುದು ಸುಲಭ ಆಯ್ತು, ನಮಗೆ ಜಾಗ ಸಿಗುವುದು ಇನ್ನೂ ಕಷ್ಟ ಆಯ್ತು.

4. ಮುರ್ಕಲ್: ಜನ ನಿಲ್ಲಿಸಿದ ಹೋಟೆಲು

"ಇದೆಲ್ಲ ಹೇಳಿ ಎಂತ ಪ್ರಯೋಜನ? ದುಡ್ಡಿನವರ ಎದುರು ನಾವು ಗೆಲ್ಲುದುಂಟಾ?" ಗೆದ್ದದ್ದುಂಟು. ಸುಳ್ಯದಿಂದ ಘಟ್ಟ ಹತ್ತಿದರೆ ಸಿಗುವ ಕೊಡಗು, ಮೈಸೂರು ಗಡಿಯಲ್ಲೇ.

ನಾಗರಹೊಳೆ ರಾಷ್ಟ್ರೀಯ ಉದ್ಯಾನದೊಳಗೆ ಮುರ್ಕಲ್ ಅಂತ ಜಾಗ. 1994ರಲ್ಲಿ ರಾಜ್ಯ ಸರ್ಕಾರ ಅಲ್ಲಿನ ಜಾಗವನ್ನು ತಾಜ್ ಗುಂಪಿನ ಗೇಟ್‌ವೇ ಹೋಟೆಲ್ಸ್ ಕಂಪನಿಗೆ ಗುತ್ತಿಗೆ ಕೊಟ್ಟಿತು. ಥೀಮ್ ಎಂತದು? ಕಾಡು. ಆನೆಗಳ ನಡುವೆ ಐಷಾರಾಮದ ರಾತ್ರಿ. ಅದೇ ಕಾಡಿನಿಂದ ಜೇನುಕುರುಬರು, ಬೆಟ್ಟಕುರುಬರು, ಯರವರನ್ನು ಹೊರಗೆ ಹಾಕಿದ್ದರು, ಉಳಿದವರನ್ನು ಹೊರಗೆ ಹಾಕಲು ಒತ್ತಡ ತರುತ್ತಿದ್ದರು. ಮನುಷ್ಯರು ಇದ್ದರೆ ಪ್ರಾಣಿಗಳಿಗೆ ತೊಂದರೆ ಅಂತ ಕಾರಣ. ಹಾಗಾದರೆ ಹೋಟೆಲಿಗೆ ಬರುವವರು ಯಾವ ಪ್ರಾಣಿ?

ಆದಿವಾಸಿಗಳು ಇದೇ ಪ್ರಶ್ನೆ ಕೇಳಿದರು. ರಸ್ತೆಗೆ ಇಳಿದರು. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿಗೆ ಹೋಯಿತು. 1997ರ ಜನವರಿಯಲ್ಲಿ ತೀರ್ಪು ಬಂತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಜಾಗವನ್ನು ಹೀಗೆ ಕೊಡಬೇಕಾದರೆ ಕೇಂದ್ರ ಸರ್ಕಾರದ ಒಪ್ಪಿಗೆ ಮೊದಲೇ ಬೇಕು. ಅದನ್ನು ಪಡೆದಿರಲಿಲ್ಲ. ಗುತ್ತಿಗೆ ಕಾನೂನಿಗೆ ವಿರುದ್ಧ. ಹೋಟೆಲು ತೆರೆಯಲಿಲ್ಲ.

ಓದು ಬರಹ ಇಲ್ಲದವರು ಅಂತ ಯಾರನ್ನು ತಳ್ಳಿದ್ದರೋ ಅವರು ದೇಶದ ದೊಡ್ಡ ಹೋಟೆಲ್ ಗುಂಪನ್ನೂ ರಾಜ್ಯ ಸರ್ಕಾರವನ್ನೂ ಒಂದೇ ಅರ್ಜಿಯಲ್ಲಿ ನಿಲ್ಲಿಸಿದರು. ಆದರೆ ಗೆಲುವು ಅರ್ಧ. ಹೋಟೆಲು ಬರಲಿಲ್ಲ, ಜನರಿಗೂ ಕಾಡು ಮರಳಿ ಸಿಗಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಂದು ಇಷ್ಟು ವರ್ಷವಾದ ಮೇಲೂ, 2025ರ ಮೇ ತಿಂಗಳಲ್ಲಿ ಜೇನುಕುರುಬರ 52 ಕುಟುಂಬಗಳು ತಾವಾಗಿಯೇ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ವಾಪಸ್ ನಡೆದು ಹೋಗಿ ಗುಡಿಸಲು ಹಾಕಬೇಕಾಯ್ತು. ತಮ್ಮ ಹಿರಿಯರ ಸಮಾಧಿ, ದೇವರ ಜಾಗಗಳನ್ನು ತೋರಿಸಿ ಇದು ನಮ್ಮೂರು ಅಂದರು. ಅವರ ಆರ್‌ಟಿಸಿ ಅದು.

5. ಪುತ್ತೂರು, ಸುಳ್ಯ, ಕಡಬದಲ್ಲಿ ಈಗ ಮಾಡಬೇಕಾದ್ದು

ಹಾಗಾದರೆ ನಮ್ಮ ಆರ್‌ಟಿಸಿ ಯಾವುದು? ಡಿ.ಸಿ. ಮನ್ನಾ.

ಗೊತ್ತಿಲ್ಲದ ಹುಡುಗರಿಗೆ ಹೇಳ್ತೇನೆ. ನಮ್ಮ ಜಿಲ್ಲೆ 1956ರವರೆಗೆ ಮದರಾಸಿಗೆ ಸೇರಿತ್ತು. ಆ ಕಾಲದಲ್ಲಿ 'ಡಿಪ್ರೆಸ್ಡ್ ಕ್ಲಾಸ್', ಅಂದರೆ ನಮ್ಮವರಿಗೆ ಅಂತಲೇ ಮೀಸಲಿಟ್ಟ ಜಾಗಗಳು ಇವು. ಡಿ.ಸಿ. ಅಂದರೆ ಡೆಪ್ಯುಟಿ ಕಮಿಷನರ್ ಅಂತ ತಿಳಿದವರೂ ಇದ್ದಾರೆ, ಅಲ್ಲ. ಅದು ನಾವು. ತಮಿಳುನಾಡಿನಲ್ಲಿ ಇದರ ಅಣ್ಣತಮ್ಮ ಪಂಚಮಿ ಭೂಮಿ. ನಮ್ಮಲ್ಲಿ ಆ ಜಾಗಗಳಲ್ಲಿ ಎಷ್ಟೋ ಕಡೆ ಬೇರೆಯವರ ರಬ್ಬರು, ಅಡಿಕೆ, ಕಟ್ಟಡ ಎದ್ದಿವೆ. ಪರಿಶಿಷ್ಟ ಜಾತಿ, ಪಂಗಡದವರ ಕುಂದುಕೊರತೆ ಸಭೆ ಯಾವ ತಾಲೂಕಿನಲ್ಲಿ ಆದರೂ ಈ ಪ್ರಶ್ನೆ ಏಳುತ್ತದೆ. "ಸರ್ವೆ ಮಾಡಿಸ್ತೇವೆ" ಅನ್ನುವ ಉತ್ತರವೂ ಪ್ರತಿ ಸಲ ಬರುತ್ತದೆ. ಚಾ ಕುಡಿದು ಏಳ್ತೇವೆ.

ಇದೇ ಸುಳ್ಯ, ಕಡಬ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಇನ್ನೊಂದು ಜನ ಇದ್ದಾರೆ. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳರು. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ಮರಗಳಿಗೆ ಬೆಳಗ್ಗಿನ ಜಾವ ಕತ್ತಿ ಹಾಕುವವರು ಅವರು. ಅವರಲ್ಲಿ ಬಹಳಷ್ಟು ಜನ ದಲಿತರು. ಲೈನ್‌ಮನೆಯಲ್ಲಿ ಬದುಕು. ಇಲ್ಲಿ ಹುಟ್ಟಿದ ಮಕ್ಕಳೂ ಜಾತಿ ಸರ್ಟಿಫಿಕೇಟಿಗೆ ಅಲೆದಾಡಿದ್ದಾರೆ. ಪ್ಲಾಂಟರ್ ಬಂಗಲೆಯ ಥೀಮಿನಲ್ಲಿ ರೆಸಾರ್ಟು ಬೇಕಾದಷ್ಟು. ಲೈನ್‌ಮನೆಯ ಥೀಮಿನಲ್ಲಿ ಒಂದಾದರೂ ಉಂಟಾ? ಇವರನ್ನು ಬಿಟ್ಟು ನಾವು ಭೂಮಿಯ ಮಾತು ಆಡಬಾರದು.

ಕೆಲಸಕ್ಕೆ ಬರುವ ಮಾತು ನಾಲ್ಕು:

ಒಂದು. ನಿಮ್ಮ ಗ್ರಾಮದ ಡಿ.ಸಿ. ಮನ್ನಾ ಜಾಗದ ಸರ್ವೆ ನಂಬರು ಮಾಹಿತಿ ಹಕ್ಕಿನಲ್ಲಿ ತಹಶೀಲ್ದಾರರಿಂದ ತೆಗೆಯಿರಿ. ಈಗಿನ ಆರ್‌ಟಿಸಿ ಮಾತ್ರ ಸಾಲುವುದಿಲ್ಲ, ಹಳೆಯ ಅಡಂಗಲ್, ಸೆಟ್ಲ್‌ಮೆಂಟ್ ದಾಖಲೆಯನ್ನೂ ಕೇಳಿ. ಹಳೆಯದರಲ್ಲಿ ಇದ್ದ ಡಿ.ಸಿ. ಅನ್ನುವ ಎರಡಕ್ಷರ ಹೊಸದರಲ್ಲಿ ಎಲ್ಲಿ ಕಳೆದುಹೋಯ್ತು ಅಂತ ಆಗ ಗೊತ್ತಾಗ್ತದೆ.

ಎರಡು. ನಮ್ಮವರಿಗೆ ಮಂಜೂರಾಗಿ ಆಮೇಲೆ ಕೈ ತಪ್ಪಿದ ಜಾಗ ಇದ್ದರೆ 1978ರ ಪಿಟಿಸಿಎಲ್ ಕಾಯ್ದೆ ಉಂಟು. "ತುಂಬ ತಡವಾಯ್ತು" ಅಂತ ಅರ್ಜಿ ತಳ್ಳುವುದಕ್ಕೆ 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ದಾರಿಯಾಗಿತ್ತು. 2023ರ ತಿದ್ದುಪಡಿ ಕಾಲಮಿತಿ ಇಲ್ಲ ಅಂತ ಬರೆದಿದೆ. ಹಳೆಯ ಕಡತ ಹೊರಗೆ ತೆಗೆಯಿರಿ, ತಿಳಿದ ವಕೀಲರನ್ನು ಕೇಳಿ.

ಮೂರು. ನಿಮ್ಮ ಊರಿಗೆ ರೆಸಾರ್ಟ್ ಬರುತ್ತಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ಜಾಗ ಕನ್ವರ್ಷನ್ ಆಗಿದೆಯಾ? ಸುತ್ತ ಇರುವುದು ಕುಮ್ಕಿಯಾ, ಡಿ.ಸಿ. ಮನ್ನಾನಾ, ಅರಣ್ಯವಾ? ಕಾಲನಿಗೆ ಹೋಗುವ ದಾರಿ ಮುಚ್ಚುತ್ತದಾ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.

ನಾಲ್ಕು. ಹಿರಿಯರು ಬದುಕಿರುವಾಗಲೇ ಅವರ ಮಾತು ಮೊಬೈಲಿನಲ್ಲಿ ಹಿಡಿದಿಡಿ. ಯಾವ ಗದ್ದೆ, ಯಾವ ಮನೆಯ ಅಂಗಳ, ಎಷ್ಟು ಸೇರು ಅಕ್ಕಿ, ಎಲ್ಲಿ ನಿಲ್ಲಬೇಕಿತ್ತು. ಊರಿನ ಹೆಸರು, ಜಾಗದ ಹೆಸರು ಸಮೇತ. ನಮ್ಮ ಕಡೆಯ ಕಂಬ ಅದೊಂದೇ.

ಈಗ ಕಮೆಂಟಿಗೆ ಬರುವವರಿಗೆ ಮೊದಲೇ ಉತ್ತರ.

"ಹಳೆಯದನ್ನು ಯಾಕೆ ಕೆದಕ್ತೀರಿ?" ಹಳೆಯದನ್ನು ಕೆದಕಿ, ಪಾಲಿಶ್ ಹಾಕಿ, ರಾತ್ರಿಗೆ ಇಷ್ಟು ಅಂತ ದರ ಇಟ್ಟದ್ದು ನಾವಲ್ಲ.

"ನಿಮ್ಮವರಿಗೇ ಕೆಲಸ ಸಿಗ್ತದಲ್ಲ?" ಸಿಗಲಿ, ಬೇಡ ಅನ್ನುವುದಿಲ್ಲ. ಪಿಎಫ್, ಇಎಸ್‌ಐ ಸಮೇತ ಸಿಗಲಿ. ಅಡುಗೆಮನೆಯಲ್ಲೂ ಸಿಗಲಿ, ಮ್ಯಾನೇಜರ್ ಕುರ್ಚಿಯಲ್ಲೂ ಸಿಗಲಿ. ಕಾಲನಿಯ ಹೆಸರು ಮುಚ್ಚಿಡದೆ ಸಿಗಲಿ. ಕಕ್ಕಸು ತೊಳೆಯುವುದು ನಮಗೆ, ಉಯ್ಯಾಲೆ ನಿಮಗೆ ಅನ್ನುವುದಾದರೆ ಅದು ಉದ್ಯೋಗ ಅಲ್ಲ, ಅದೂ ಥೀಮಿನ ಭಾಗವೇ.

"ತುಳು ಸಂಸ್ಕೃತಿಗೆ ಅವಮಾನ ಮಾಡ್ತೀರಿ." ತುಳು ಸಂಸ್ಕೃತಿ ಯಾರಪ್ಪನ ಮನೆಯದ್ದು? ನೇಜಿ ನೆಡುತ್ತಾ ಪಾಡ್ದನ ಹೇಳಿ ಅದನ್ನು ಇಷ್ಟು ಕಾಲ ಬದುಕಿಸಿದ್ದು ನಮ್ಮ ಹೆಂಗಸರು. ಕಾನದ-ಕಟದರು ನಮ್ಮವರು. ದೈವಕ್ಕೆ ಮೈ ಕೊಟ್ಟವರು ನಮ್ಮವರು. ನಮ್ಮನ್ನು ತೆಗೆದರೆ ಆ ಸಂಸ್ಕೃತಿಯಲ್ಲಿ ಉಳಿಯುವುದು ಹಲಸಿನ ಕಂಬ ಮಾತ್ರ.

ಗುತ್ತಿನ ಮನೆ ಸುಡಬೇಕು ಅಂತ ನಾನು ಹೇಳ್ತಿಲ್ಲ. ಇರಲಿ. ಆದರೆ ಸಾರ್ವಜನಿಕ ಹಣದಲ್ಲಿ ಕಟ್ಟಿದ ಯಾವ ಗುತ್ತಿನ ಮನೆಯೇ ಇರಲಿ, ಅದರ ಅಂಗಳದ ಅಂಚಿನಲ್ಲಿ ಒಂದು ಬೋರ್ಡು ಹಾಕಿ: ಇಲ್ಲಿಂದ ಮುಂದೆ ಯಾವ ಯಾವ ಜಾತಿಯವರು ಬರುವ ಹಾಗಿರಲಿಲ್ಲ, ಈ ಮನೆಯ ಅನ್ನ ಅವರು ಬೆಳೆದದ್ದು. ಪಕ್ಕದಲ್ಲಿ ಆಳಿನ ಬಿಡಾರವನ್ನೂ ಅದೇ ಮುತುವರ್ಜಿಯಿಂದ ಕಟ್ಟಿ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ತರುವಾಗ ಎರಡನ್ನೂ ತೋರಿಸಿ. ಪಿಲಿಕುಳದಿಂದಲೇ ಶುರು ಮಾಡಿ ಅಂತ ಜಿಲ್ಲಾಡಳಿತಕ್ಕೆ ಮನವಿ ಬರೆಯುತ್ತಿದ್ದೇವೆ. ಮುಂದಿನ ಕುಂದುಕೊರತೆ ಸಭೆಯಲ್ಲಿ ಡಿ.ಸಿ. ಮನ್ನಾ ಸರ್ವೆಯ ಪಟ್ಟಿಯ ಜೊತೆ ಅದನ್ನೂ ಕೊಡುವುದು. ಸಹಿ ಹಾಕುವವರು, ತಮ್ಮ ಗ್ರಾಮದ ಹಳೆಯ ಅಡಂಗಲ್ ಪ್ರತಿ ಇರುವವರು ಇನ್‌ಬಾಕ್ಸಿಗೆ ಬನ್ನಿ.

ಜೈ ಭೀಮ್.

#ಡಿಸಿ_ಮನ್ನಾ_ನಮ್ಮದು #ಪುತ್ತೂರು_ಸುಳ್ಯ_ಕಡಬ #ತಡಮೆಯಾಚೆ